ಒಂಬತ್ತು ವರ್ಷ ಏನು ಮಾಡುತ್ತಿದ್ದಿರಿ?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ, ಮಕ್ಕಳಿಗಾಗಿ ಕೆಲಸ ಬಿಟ್ಟು ಈಗ ಮತ್ತೆ ದುಡಿಯಲು ಹೊರಟವರ ಪತ್ರಗಳೇ ಹೆಚ್ಚಾಗಿದ್ದುದರಿಂದ, ಉಳಿದ ವಿಷಯಗಳನ್ನು ಬದಿಗಿಟ್ಟು ಇದೊಂದನ್ನೇ ಕೈಗೆತ್ತಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರು ಮತ್ತು ಊರುಗಳನ್ನು ಬಿಟ್ಟಿದ್ದೇನೆ. ಉದ್ದವಾದ ಪತ್ರಗಳನ್ನು ಅರ್ಥ ಕೆಡದಂತೆ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಎಂಟು ವರ್ಷ ದುಡಿದು, ಎರಡನೆಯ ಮಗು ಹುಟ್ಟಿದಾಗ ಕೆಲಸ ಬಿಟ್ಟೆ. ಆ ಮಗುವಿಗೆ ಈಗ ಒಂಬತ್ತು ತುಂಬಿದೆ. ಕಳೆದ ಆರು ತಿಂಗಳಲ್ಲಿ 23 ಕಡೆ ಅರ್ಜಿ ಹಾಕಿದ್ದೇನೆ. ಕರೆ ಬಂದದ್ದು ಎರಡೇ ಕಡೆಯಿಂದ. ಒಂದು ಸಂದರ್ಶನದಲ್ಲಿ, ನನಗಿಂತ ಹತ್ತು ವರ್ಷವಾದರೂ ಚಿಕ್ಕವರಿರಬಹುದಾದ ಒಬ್ಬರು "ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. "ಏನೂ ಇಲ್ಲ, ಮನೆಯಲ್ಲಿದ್ದೆ" ಎಂದುಬಿಟ್ಟೆ. ಆ "ಏನೂ ಇಲ್ಲ" ಎಂಬ ನನ್ನದೇ ಮಾತು ಮನೆ ಸೇರುವವರೆಗೂ ಚುಚ್ಚುತ್ತಿತ್ತು. ನಾನು ಏನು ಹೇಳಬೇಕಿತ್ತು? ಬಯೋಡೇಟಾದಲ್ಲಿ ಈ ವರ್ಷಗಳನ್ನು ಹೇಗೆ ತೋರಿಸಲಿ? "ಗೃಹ ವ್ಯವಸ್ಥಾಪಕಿ ಎಂದು ಬರೆ, ಈಗ ಎಲ್ಲರೂ ಹಾಗೇ ಬರೆಯುತ್ತಾರೆ" ಎಂದು ಗೆಳತಿಯೊಬ್ಬಳು ಹೇಳುತ್ತಾಳೆ.

ಉತ್ತರ: ಮೊದಲು ಆ 23 ಮತ್ತು ಎರಡರ ಲೆಕ್ಕವನ್ನೇ ನೋಡೋಣ, ಏಕೆಂದರೆ ನೀವು ಅದನ್ನು ನಿಮ್ಮ ಯೋಗ್ಯತೆಯ ಅಂಕಪಟ್ಟಿ ಎಂದು ಭಾವಿಸಿರುವಂತೆ ಕಾಣುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕೇಟ್ ವೈಶಾರ್ ಎಂಬವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಓದು ಮತ್ತು ಅನುಭವ ಎರಡರಲ್ಲೂ ಸರಿಸಮವಾಗಿದ್ದ ಕಾಲ್ಪನಿಕ ಅರ್ಜಿಗಳನ್ನು ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಳುಹಿಸಿ, ಯಾರಿಗೆ ಕರೆ ಬರುತ್ತದೆ ಎಂದು ಎಣಿಸಿದರು. ಕೆಲಸದಲ್ಲಿರುವ ತಾಯಂದಿರ ಅರ್ಜಿಗಳಲ್ಲಿ ಶೇ 15.3ಕ್ಕೆ, ಕೆಲಸ ಕಳೆದುಕೊಂಡ ತಾಯಂದಿರ ಅರ್ಜಿಗಳಲ್ಲಿ ಶೇ 9.7ಕ್ಕೆ ಕರೆ ಬಂದರೆ, ಮಕ್ಕಳಿಗಾಗಿ ಮನೆಯಲ್ಲಿದ್ದೆವೆಂದು ಹೇಳಿಕೊಂಡವರ ಅರ್ಜಿಗಳಲ್ಲಿ ಕರೆ ಬಂದದ್ದು ಶೇ 4.9ಕ್ಕೆ ಮಾತ್ರ. ನಿಮ್ಮ ಲೆಕ್ಕ ನೂರಕ್ಕೆ ಎಂಟನ್ನು ದಾಟಿದೆ. ಬೇರೆ ದೇಶದ, ಬೇರೆ ಉದ್ಯೋಗಗಳ ಅಂಕಿಯನ್ನು ನಿಮ್ಮದಕ್ಕೆ ಹೀಗೆ ಜೋಡಿಸುವುದು ಶಾಸ್ತ್ರೀಯವಲ್ಲ ಎಂದು ಲೆಕ್ಕ ಬಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಎರಡು ಕರೆ ಬಂದದ್ದು ಸೋಲಿನ ಲಕ್ಷಣವಲ್ಲ ಎಂಬಷ್ಟು ಸಮಾಧಾನವನ್ನು ಅದರಿಂದ ಪಡೆಯಬಹುದು.

ಆ ಅಧ್ಯಯನದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಕಾರಣದ ಭಾಗ. ಕೆಲಸ ಕಳೆದುಕೊಂಡವರು ಮತ್ತು ತಾವಾಗಿ ಬಿಟ್ಟವರು ಅಷ್ಟೇ ಕಾಲ ಕೆಲಸದಿಂದ ದೂರವಿದ್ದರೂ, ಉದ್ಯೋಗದಾತರು ಎರಡನೆಯವರನ್ನು ಹೆಚ್ಚು ಅನುಮಾನಿಸಿದರು. ಕೈ ತುಕ್ಕು ಹಿಡಿದಿದೆಯೇ ಎಂಬ ಅನುಮಾನವಷ್ಟೇ ಆಗಿದ್ದರೆ ಇಬ್ಬರ ಮೇಲೂ ಅದು ಸಮನಾಗಿ ಬೀಳಬೇಕಿತ್ತು. ಅವರ ನಿಜವಾದ ಅನುಮಾನ "ಇವರು ಕೆಲಸದಲ್ಲಿ ನಿಲ್ಲುತ್ತಾರೆಯೇ, ಅಥವಾ ಮನೆಯಿಂದ ಒಂದು ಕರೆ ಬಂದೊಡನೆ ಮತ್ತೆ ಬಿಟ್ಟು ಹೋಗುತ್ತಾರೆಯೇ" ಎಂಬುದಾಗಿತ್ತು. ಮಕ್ಕಳಿಗಾಗಿ ಮನೆಯಲ್ಲಿದ್ದ ತಂದೆಯರ ಅರ್ಜಿಗಳಿಗೂ ಇದೇ ಗತಿಯಾಯಿತೆಂಬುದನ್ನು ಗಮನಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಆದ್ದರಿಂದ "ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?" ಎಂಬ ಪ್ರಶ್ನೆ ಭೂತಕಾಲದಲ್ಲಿದ್ದರೂ ಕೇಳುವವರಿಗೆ ಬೇಕಾದ ಉತ್ತರ ಭವಿಷ್ಯಕ್ಕೆ ಸಂಬಂಧಿಸಿದ್ದು. ಒಂಬತ್ತು ವರ್ಷಗಳ ವರದಿಯನ್ನು ಅಲ್ಲಿ ಒಪ್ಪಿಸಬೇಕಾಗಿಲ್ಲ, ತಪ್ಪೊಪ್ಪಿಗೆಯನ್ನಂತೂ ಖಂಡಿತ ಬೇಡ. "ಮಕ್ಕಳು ಚಿಕ್ಕವರಿದ್ದಾಗ ಅವರನ್ನು ನೋಡಿಕೊಳ್ಳಲು ನಾನೇ ನಿರ್ಧರಿಸಿ ಕೆಲಸ ಬಿಟ್ಟೆ. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ, ಮನೆಯ ವ್ಯವಸ್ಥೆ ಆಗಿದೆ. ಕಳೆದ ಮೂರು ತಿಂಗಳಿಂದ ಒಂದು ಸಣ್ಣ ಸಂಘದ ಲೆಕ್ಕಪತ್ರ ಬರೆಯುತ್ತಿದ್ದೇನೆ; ನಿಮ್ಮ ಜಾಹೀರಾತಿನಲ್ಲಿ ಕೇಳಿದ ತಿಂಗಳ ತಾಳೆ ಪಟ್ಟಿಯನ್ನು ನಾನು ಹಿಂದೆ ಎಂಟು ವರ್ಷ ಮಾಡಿದ್ದೇನೆ." ಇಷ್ಟನ್ನು ಹೇಳಿ ನಿಲ್ಲಿಸಿ. ನಿಲ್ಲಿಸುವುದೇ ಕಷ್ಟದ ಭಾಗ. ಎದುರಿನವರು ಒಂದು ಕ್ಷಣ ಸುಮ್ಮನಾದರೆ ಆ ಮೌನವನ್ನು ತುಂಬಲು ನಾವು ಸಮಜಾಯಿಷಿ ಶುರುಮಾಡುತ್ತೇವೆ. ಕನ್ನಡಿಯ ಮುಂದಲ್ಲ, ಯಾರಾದರೂ ಒಬ್ಬರ ಮುಂದೆ ಕುಳಿತು ಹತ್ತು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ.

ಬಯೋಡೇಟಾದಲ್ಲಿ ಒಂದು ಸಾಲು ಸಾಕು: ವರ್ಷಗಳು, ಅದರ ಮುಂದೆ "ಮಕ್ಕಳ ಪಾಲನೆಗಾಗಿ ವೃತ್ತಿ ವಿರಾಮ". ಲಿಂಕ್ಡ್‌ಇನ್ ತಾಣವು 2022ರಲ್ಲಿ ವೃತ್ತಿ ವಿರಾಮವನ್ನೇ ಒಂದು ನಮೂದಾಗಿ ಸೇರಿಸುವ ಅವಕಾಶ ಕೊಟ್ಟ ಮೇಲೆ ಇಂಥ ಸಾಲು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. "ಗೃಹ ವ್ಯವಸ್ಥಾಪಕಿ" ಎಂಬ ಬಿರುದನ್ನು ಮಾತ್ರ ದಯವಿಟ್ಟು ಬೇಡ. ಮನೆವಾಳ್ತೆ ಸಣ್ಣ ಕೆಲಸವೆಂದು ನಾನು ಹೀಗೆ ಹೇಳುತ್ತಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಲು ನಾಚಿಕೆಪಟ್ಟು ಅದಕ್ಕೆ ಜರಿಯ ಅಂಚು ಹೊಲಿದಂತೆ ಅದು ಓದಿಸಿಕೊಳ್ಳುತ್ತದೆ, ಮತ್ತು ಓದುವವರಿಗೆ ಮೊದಲು ಕಾಣುವುದು ಆ ನಾಚಿಕೆಯೇ.

ನಿಮ್ಮ ಪತ್ರದ ಜೊತೆಗಿದ್ದ ಬಯೋಡೇಟಾದ ಕೊನೆಯ ಪುಟದಲ್ಲಿ "ಶಾಲಾ ಪೋಷಕರ ಸಂಘದ ಖಜಾಂಚಿ, ನಾಲ್ಕು ವರ್ಷ" ಎಂಬ ಸಾಲನ್ನು ಕಂಡು ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಶೆಲ್ಲಿ ಕೊರೆಲ್ ಮತ್ತು ಇಬ್ಬರು ಸಹಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಅರ್ಜಿದಾರಳು ತಾಯಿ ಎಂಬುದನ್ನು ಸೂಚಿಸಲು ಬಳಸಿದ ಗುರುತು ಇದೇ, ಪೋಷಕರ ಸಂಘದ ಹೊಣೆ. ಆ ಗುರುತು ಇಲ್ಲದ ಮಹಿಳೆಯರಿಗೆ ಬಂದ ಕರೆಗಳು ಅದಿದ್ದವರಿಗಿಂತ ಎರಡು ಪಟ್ಟಿಗೂ ಮೀರಿದ್ದವು. ಹಾಗೆಂದು ಸಾಲನ್ನು ಅಳಿಸಬೇಡಿ. ವರ್ಷಕ್ಕೆ ಎಷ್ಟು ರಸೀದಿ, ಎಷ್ಟು ಮೊತ್ತ, ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬಂದಿತ್ತೇ ಇಲ್ಲವೇ ಎಂಬುದನ್ನು ಬರೆದು ಅದನ್ನು ಕೊನೆಯ ಪುಟದಿಂದ ಅನುಭವದ ಭಾಗಕ್ಕೆ ತನ್ನಿ. ಖಜಾಂಚಿಯ ಕೆಲಸ ಲೆಕ್ಕದ ಕೆಲಸವೇ ಅಲ್ಲವೇ? "ಏನೂ ಇಲ್ಲ" ಎಂದಿರಿ. ನಾಲ್ಕು ವರ್ಷ ಇನ್ನೊಬ್ಬರ ಹಣಕ್ಕೆ ಲೆಕ್ಕ ಕೊಟ್ಟಿದ್ದೀರಿ.

ಇನ್ನು ಕೈ ಪಳಗಿಸಿಕೊಳ್ಳುವ ವಿಷಯ. ನಿಮ್ಮ ವೃತ್ತಿಯ ತಿರುಳು ಹಳೆಯದಾಗುವಂಥದ್ದಲ್ಲ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ಅಚ್ಚಿಗೆ ತಂದ ದ್ವಿನಮೂದು ಪದ್ಧತಿಯಲ್ಲಿಯೇ ಇಂದಿಗೂ ಜಮಾ ಮತ್ತು ಖರ್ಚು ತಾಳೆಯಾಗಬೇಕು. ಬದಲಾಗಿರುವುದು ಉಪಕರಣಗಳು. ನೀವು ಕೆಲಸ ಬಿಡುವಾಗ ಎಕ್ಸೆಲ್‌ನಲ್ಲಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಮಾಹಿತಿ ತರಲು ವಿಲುಕಪ್ ಬಳಸುತ್ತಿದ್ದಿರಿ. ಹುಡುಕುವ ಕಾಲಂ ಎಡಗಡೆಯೇ ಇರಬೇಕೆಂಬ ಅದರ ಹಟ ನಿಮಗೆ ನೆನಪಿರಬಹುದು, ಕೊನೆಗೆ ಫಾಲ್ಸ್ ಎಂದು ಸೇರಿಸಲು ಮರೆತರೆ ತಪ್ಪು ಉತ್ತರವನ್ನು ಸದ್ದಿಲ್ಲದೆ ಕೊಟ್ಟುಬಿಡುತ್ತಿದ್ದುದೂ ನೆನಪಿರಬಹುದು. 2019ರಲ್ಲಿ ಮೈಕ್ರೋಸಾಫ್ಟ್ ಘೋಷಿಸಿದ ಎಕ್ಸ್‌ಲುಕಪ್‌ನಲ್ಲಿ ಈ ಎರಡೂ ತೊಡಕುಗಳಿಲ್ಲ. ಅದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಹಳೆಯ ತೊಡಕು ಗೊತ್ತಿದ್ದವರಿಗೆ ಹೊಸದರ ಉಪಯೋಗ ಬೇಗ ತಿಳಿಯುತ್ತದೆ. ಇಬ್ಬರು ಮೂವರು ಒಂದೇ ಕಡತದಲ್ಲಿ ಒಟ್ಟಿಗೆ ಕೆಲಸ ಮಾಡುವುದು, ವಿಡಿಯೊ ಸಭೆಯಲ್ಲಿ ಪರದೆ ಹಂಚಿಕೊಳ್ಳುವುದು, ಇವೂ ಅಷ್ಟೇ. ತೆರಿಗೆಯ ನಿಯಮಗಳು ಮಾತ್ರ ಈ ಒಂಬತ್ತು ವರ್ಷಗಳಲ್ಲಿ ಎಷ್ಟೋ ಬದಲಾಗಿರುತ್ತವೆ. ಅವನ್ನು ಕೂತು ಓದಲೇಬೇಕು, ಅಡ್ಡದಾರಿಯಿಲ್ಲ.

ಕೊನೆಯದಾಗಿ, 24ನೆಯ ಅರ್ಜಿಯನ್ನು ಹಾಕುವ ಮೊದಲು ಹಳೆಯ ಸಹೋದ್ಯೋಗಿಗಳ ಪಟ್ಟಿಯೊಂದನ್ನು ಮಾಡಿ. ಮಾರ್ಕ್ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದ ಲೇಖನದಲ್ಲಿ, ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದಾಗ, ಆ ಪರಿಚಿತರನ್ನು ಆಗಾಗ್ಗೆ ಭೇಟಿಯಾಗುತ್ತಿದ್ದೆವು ಎಂದವರು ಶೇ 16.7 ಮಾತ್ರ, ಉಳಿದವರಿಗೆ ನೆರವಾದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರಿಗೆ ಬೇರೆಯೇ ಬಾಗಿಲುಗಳು ಗೊತ್ತಿರುತ್ತವೆ ಎಂಬುದು ಅವರ ವಿವರಣೆ. ಒಂಬತ್ತು ವರ್ಷ ಮಾತಾಡದವರಿಗೆ ಈಗ ಹೇಗೆ ಫೋನ್ ಮಾಡಲಿ ಎಂಬ ಸಂಕೋಚ ನಿಮಗಿರುತ್ತದೆ. ಅವರ ಕಡೆ ಅಂಥ ಸಂಕೋಚ ಇರುವುದು ಕಡಿಮೆ; ಬಹುಮಟ್ಟಿಗೆ ಅವರು "ಅಯ್ಯೋ, ಎಷ್ಟು ವರ್ಷವಾಯಿತು!" ಎನ್ನುತ್ತಾರೆ.

ಪ್ರಶ್ನೆ: ನಾನು ದಾದಿಯಾಗಿದ್ದೆ. ಏಳು ವರ್ಷದ ಬಳಿಕ ಮರಳಬೇಕೆಂದಿದ್ದೇನೆ. ಎಲ್ಲಿಂದ ಶುರುಮಾಡಲಿ?

ಉತ್ತರ: ನಿಮ್ಮ ನೋಂದಣಿಯಿಂದ. ಶುಶ್ರೂಷೆಯಂಥ ಪರವಾನಗಿಯ ವೃತ್ತಿಗಳಲ್ಲಿ ಬಯೋಡೇಟಾ ಆಮೇಲಿನ ಮಾತು. ನಿಮ್ಮನ್ನು ನೋಂದಾಯಿಸಿಕೊಂಡ ಮಂಡಳಿಗೆ ಬರೆದು, ನೋಂದಣಿ ಊರ್ಜಿತವಾಗಿದೆಯೇ, ಇಲ್ಲದಿದ್ದರೆ ಮರುತರಬೇತಿ ಎಷ್ಟು ಗಂಟೆ ಬೇಕು, ಎಲ್ಲಿ ಕೊಡುತ್ತಾರೆ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಭರವಸೆ ಸಾಲದು.

ಪ್ರಶ್ನೆ: ಆರು ವರ್ಷದ ವಿರಾಮದ ನಂತರ ಒಂದು ಕೆಲಸ ಸಿಗುವ ಹಂತದಲ್ಲಿದೆ. ಆದರೆ ನಾನು ಬಿಟ್ಟಾಗ ಇದ್ದ ಹುದ್ದೆಗಿಂತ ಎರಡು ಮೆಟ್ಟಿಲು ಕೆಳಗೆ, ಸಂಬಳವೂ ಕಡಿಮೆ. ಇನ್ನೊಂದು ಕಡೆ "ರಿಟರ್ನ್‌ಶಿಪ್" ಎಂದು ನಾಲ್ಕು ತಿಂಗಳಿಗೆ ಕರೆಯುತ್ತಿದ್ದಾರೆ. ಒಪ್ಪಿಕೊಳ್ಳುವುದು ಸೋಲೊಪ್ಪಿದಂತೆ ಆಗುವುದಿಲ್ಲವೇ?

ಉತ್ತರ: ಸೋಲು-ಗೆಲುವಿನ ಭಾಷೆಯನ್ನು ಪಕ್ಕಕ್ಕಿಟ್ಟು, ಎರಡೂ ಕಡೆ ಒಂದಿಷ್ಟು ಪ್ರಶ್ನೆಗಳನ್ನು ಕೇಳಿ. ರಿಟರ್ನ್‌ಶಿಪ್ ಎಂಬ ಪದ ಚಲಾವಣೆಗೆ ಬಂದದ್ದು 2008ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆಯು ಮರಳುವವರಿಗಾಗಿ ಆರಂಭಿಸಿದ ಕಾರ್ಯಕ್ರಮದಿಂದ; ವಿರಾಮದ ನಂತರ ಬರುವವರನ್ನು ಕೆಲವು ವಾರ ಅಥವಾ ತಿಂಗಳು ಸಂಬಳ ಕೊಟ್ಟು ದುಡಿಸಿ, ಪರಸ್ಪರ ಒಪ್ಪಿಗೆಯಾದರೆ ಖಾಯಂ ಮಾಡಿಕೊಳ್ಳುವ ವ್ಯವಸ್ಥೆ ಅದು. ಈಗ ಆ ಹೆಸರಿನಲ್ಲಿ ಹಲವು ಬಗೆಗಳಿವೆ. ನಿಮಗೆ ಕೊಡುವುದು ಸಂಬಳವೋ ಕೈಖರ್ಚಿನ ಭತ್ಯೆಯೋ, ಕಳೆದ ತಂಡದಲ್ಲಿ ಎಷ್ಟು ಮಂದಿಗೆ ಖಾಯಂ ಕೆಲಸ ಸಿಕ್ಕಿತು, ನಿಮ್ಮ ಕೆಲಸವನ್ನು ಯಾರು ಯಾವಾಗ ಪರಿಶೀಲಿಸುತ್ತಾರೆ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡದ ಸಂಸ್ಥೆಯ ಬಗ್ಗೆ ನನಗೆ ಹೆಚ್ಚಿನ ಭರವಸೆ ಇರುವುದಿಲ್ಲ.

ಕೆಳಗಿನ ಹುದ್ದೆಯ ಬಗ್ಗೆ ನನ್ನ ಅಭಿಪ್ರಾಯ ಇದು: ಒಂದು ಮೆಟ್ಟಿಲು ಕೆಳಗಾದರೆ ಒಪ್ಪಿಕೊಳ್ಳಬಹುದು, ಎರಡಾದರೆ ಚೌಕಾಸಿ ಮಾಡಬೇಕು. ಸಂಬಳ ಏರಿಸಲು ಅವರು ಈಗ ಒಪ್ಪದಿದ್ದರೆ, ಆರು ತಿಂಗಳ ನಂತರ ಹುದ್ದೆ ಮತ್ತು ಸಂಬಳವನ್ನು ಮರುಪರಿಶೀಲಿಸಲಾಗುವುದು ಎಂಬ ಒಂದು ವಾಕ್ಯವನ್ನು ನೇಮಕಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ. ಸೇರಿದ ಮೇಲೆ ಕೇಳೋಣವೆಂದುಕೊಂಡವರಲ್ಲಿ ಬಹಳಷ್ಟು ಜನ ಕೇಳುವುದೇ ಇಲ್ಲ. ಕೆಲಸ ಕೊಟ್ಟದ್ದೇ ಉಪಕಾರವೆಂಬ ಭಾವನೆ ನಾಲಿಗೆ ಕಟ್ಟುತ್ತದೆ.

ಹುದ್ದೆಗಿಂತಲೂ ಕೆಲಸದ ಸ್ವಭಾವವನ್ನು ನೋಡಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು, ಹೊತ್ತುಗೊತ್ತಿಲ್ಲದೆ ದುಡಿಯುವವರಿಗೆ ಗಂಟೆಯ ಲೆಕ್ಕಕ್ಕೂ ಮೀರಿ ಹೆಚ್ಚು ಕೊಡುವ ಉದ್ಯೋಗಗಳನ್ನು "ದುರಾಸೆಯ ಕೆಲಸ" ಎಂದು ಕರೆದಿದ್ದಾರೆ. ಇದಕ್ಕೆ ಎದುರಾಗಿ ಅವರು ಕೊಡುವ ಉದಾಹರಣೆ ಔಷಧ ವಿತರಕರ ವೃತ್ತಿ: ಅಲ್ಲಿ ದಾಖಲೆಗಳೆಲ್ಲ ಕಂಪ್ಯೂಟರಿನಲ್ಲಿರುವುದರಿಂದ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಸಲೀಸಾಗಿ ನಿಲ್ಲಬಲ್ಲರು, ಹಾಗಾಗಿ ಕಡಿಮೆ ಗಂಟೆ ದುಡಿದವರಿಗೆ ಗಂಟೆಯ ಲೆಕ್ಕದಲ್ಲಿ ಅಷ್ಟೇನೂ ನಷ್ಟವಾಗುವುದಿಲ್ಲ. ಸಂದರ್ಶನದ ಕೊನೆಯಲ್ಲಿ "ನಿಮಗೇನಾದರೂ ಕೇಳಲಿಕ್ಕಿದೆಯೇ?" ಎಂದಾಗ, "ನಾನು ರಜೆಯಲ್ಲಿರುವ ದಿನ ನನ್ನ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿ ನೋಡಿ. ಉತ್ತರ ಬರುವ ಮೊದಲು ಅವರು ಪರಸ್ಪರ ಮುಖ ನೋಡಿಕೊಂಡರೆ ನಿಮಗೆ ಬೇಕಾದ ಮಾಹಿತಿ ಸಿಕ್ಕಿತು.

ಪ್ರಶ್ನೆ: ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರಬೇಕು. ಆದರೆ ಏಳು ವರ್ಷದ ಮಗಳು "ನೀನು ಹೋಗಬೇಡ ಅಮ್ಮ" ಎಂದು ದಿನವೂ ಅಳುತ್ತಾಳೆ. "ನಿನ್ನ ಸಂಬಳವೆಲ್ಲ ಮಗು ನೋಡಿಕೊಳ್ಳುವವರಿಗೇ ಹೋಗುತ್ತದೆ, ಏನು ಪ್ರಯೋಜನ?" ಎಂದು ಅತ್ತೆ ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ ಅನ್ನಿಸಿ ನಿದ್ದೆ ಬರುತ್ತಿಲ್ಲ.

ಉತ್ತರ: ಅತ್ತೆಯವರ ಲೆಕ್ಕ ಮೇಲ್ನೋಟಕ್ಕೆ ಸರಿ, ಆದರೆ ಅದರಲ್ಲಿ ಎರಡು ತಪ್ಪುಗಳಿವೆ. ಮಗು ಇಬ್ಬರದಾದ ಮೇಲೆ ನೋಡಿಕೊಳ್ಳುವವರ ಖರ್ಚನ್ನು ನಿಮ್ಮ ಸಂಬಳದಿಂದ ಮಾತ್ರ ಕಳೆಯುವುದೇಕೆ? ಮನೆಯ ಒಟ್ಟು ಆದಾಯದಿಂದ ಕಳೆದು ನೋಡಿ. ಎರಡನೆಯದು, ಆ ಲೆಕ್ಕ ಈ ವರ್ಷದ್ದು ಮಾತ್ರ. ಮಗು ದೊಡ್ಡದಾದಂತೆ ಖರ್ಚು ಇಳಿಯುತ್ತದೆ, ಅನುಭವ ಹೆಚ್ಚಿದಂತೆ ಸಂಬಳ ಏರುತ್ತದೆ, ನಿವೃತ್ತಿಯ ಉಳಿತಾಯ ಈಗಿನಿಂದಲೇ ಕೂಡತೊಡಗುತ್ತದೆ. ಇನ್ನೂ ಮೂರು ವರ್ಷ ಮುಂದೂಡಿದರೆ ಈ ಮೂರೂ ಅಷ್ಟು ತಡವಾಗುತ್ತವೆ, ಜೊತೆಗೆ ಬಯೋಡೇಟಾದ ಅಂತರವೂ ಬೆಳೆಯುತ್ತದೆ. ಇದನ್ನು ವಾದಕ್ಕಿಳಿಯದೆ ಕಾಗದದ ಮೇಲೆ ಬರೆದು ತೋರಿಸಿ. ಅತ್ತೆಯವರೇ ಮಗುವನ್ನು ನೋಡಿಕೊಳ್ಳಬೇಕಾಗಿ ಬಂದೀತು ಎಂಬ ಆತಂಕ ಆ ಪ್ರಶ್ನೆಯ ಹಿಂದೆ ಇರಬಹುದು. ಅದು ಸಹಜವಾದದ್ದು, ಅದಕ್ಕೆ ಬೇರೆಯಾಗಿ ಉತ್ತರ ಕೊಡಿ.

ನೀವೊಬ್ಬರೇ ಈ ಇಕ್ಕಟ್ಟಿನಲ್ಲಿದ್ದೀರೆಂದು ತಿಳಿಯಬೇಡಿ. ಆರೈಕೆಯ ಹೊಣೆಯಿಂದಾಗಿ ದುಡಿಮೆಯಿಂದ ಹೊರಗುಳಿದ ಮಹಿಳೆಯರು ಜಗತ್ತಿನಲ್ಲಿ 70.8 ಕೋಟಿ, ಅದೇ ಕಾರಣಕ್ಕೆ ಹೊರಗುಳಿದ ಪುರುಷರು 4 ಕೋಟಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2024ರಲ್ಲಿ ಅಂದಾಜು ಮಾಡಿದೆ. ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ನಿದ್ದೆಗೇಡಿಗೆ ನಿಮ್ಮ ಮನೆಯವರಷ್ಟೇ ಕಾರಣರಲ್ಲ ಎಂಬುದು ತಿಳಿಯುತ್ತದೆ.

ಮಗಳ ವಿಷಯದಲ್ಲಿ ನನ್ನ ಅನುಭವವನ್ನೇ ಹೇಳುತ್ತೇನೆ. ಆರು ವರ್ಷದ ಬಳಿಕ ನಾನು ಕಚೇರಿಗೆ ಮರಳಿದ ಮೊದಲ ವಾರವೆಲ್ಲ, ಮಧ್ಯಾಹ್ನ ಮೂರೂಕಾಲು ಆಗುತ್ತಿದ್ದಂತೆ ನನ್ನ ಕೈ ತಾನಾಗಿ ಚೀಲದತ್ತ ಹೋಗುತ್ತಿತ್ತು. ಅದು ಶಾಲೆಯ ಗಂಟೆ ಹೊಡೆಯುವ ಹೊತ್ತು. ನಾಲ್ಕನೆಯ ದಿನ ಮಗನಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದಾಗ, ಎದುರಿಗೆ ಕುಳಿತಿದ್ದ ಮೇಲಧಿಕಾರಿ ಏನೂ ಹೇಳದೆ ಗಡಿಯಾರ ನೋಡಿದರು. ಬೀದಿಗೆ ಬಂದ ಮೇಲೆ ನಾನು ಅತ್ತುಬಿಟ್ಟೆ. ಆದರೆ ಮನೆ ತಲುಪಿದಾಗ ಮಗ ಕೇಳಿದ್ದು ಒಂದೇ: "ನಾಳೆ ಬಾಗಿಲು ಯಾರು ತೆಗೆಯುತ್ತಾರೆ?" ಅವನ ಅಳುವಿಗೆ ನಾನು ಏನೇನೋ ದೊಡ್ಡ ಅರ್ಥ ಹಚ್ಚಿದ್ದೆ, ಅವನಿಗೆ ಬೇಕಾಗಿದ್ದದ್ದು ಆ ಒಂದು ವಿವರ.

ಆದ್ದರಿಂದ ಈ ತಿಂಗಳನ್ನು ತಾಲೀಮಿಗೆ ಬಳಸಿಕೊಳ್ಳಿ. ಕೆಲಸಕ್ಕೆ ಹೋಗುವ ಹೊತ್ತಿಗೇ ಮನೆಯಿಂದ ಹೊರಡಿ, ಗ್ರಂಥಾಲಯದಲ್ಲಿ ಕುಳಿತು ಓದಿಕೊಳ್ಳಿ, ಹೇಳಿದ ಹೊತ್ತಿಗೆ ಸರಿಯಾಗಿ ಹಿಂದಿರುಗಿ. ಮೊದಲ ವಾರ ಎರಡು ಗಂಟೆ, ಆಮೇಲೆ ಅರ್ಧ ದಿನ, ಕೊನೆಯ ವಾರ ಪೂರ್ತಿ ದಿನ. ಶಾಲೆಯಿಂದ ಕರೆತರುವವರು ಯಾರು, ಬಾಗಿಲು ತೆಗೆಯುವವರು ಯಾರು, ಅಮ್ಮ ಬರುವಾಗ ಗಡಿಯಾರದ ಮುಳ್ಳು ಎಲ್ಲಿರುತ್ತದೆ ಎಂಬುದನ್ನು ಮಗಳಿಗೆ ಚಿತ್ರ ಬರೆದು ತೋರಿಸಿ. ಅವಳು ಆಗಲೂ ಅಳಬಹುದು. ಕದ್ದು ಹೊರಡಬೇಡಿ, ಹೇಳಿಯೇ ಹೊರಡಿ. "ನಿನಗೋಸ್ಕರವೇ ದುಡಿಯುತ್ತಿದ್ದೇನೆ" ಎಂಬ ಮಾತನ್ನು ಮಾತ್ರ ಆಡಬೇಡಿ. ಏಳು ವರ್ಷದ ಮಗು ಅದನ್ನು "ಹಾಗಾದರೆ ನನಗೆ ಬೇಡ" ಎಂದು ಸುಲಭವಾಗಿ ತಿರುಗಿಸಿಬಿಡುತ್ತದೆ, ಮತ್ತು ಆ ಮಾತು ಪೂರ್ತಿ ನಿಜವೂ ಅಲ್ಲ.

ಪ್ರಶ್ನೆ: ನನ್ನ ಪತ್ನಿ ವಕೀಲೆಯಾಗಿದ್ದಳು. ಎಂಟು ವರ್ಷದಿಂದ ಮನೆಯಲ್ಲಿದ್ದಾಳೆ. ಮರಳಬೇಕೆಂಬ ಆಸೆಯಿದೆ, ಧೈರ್ಯವಿಲ್ಲ. ಸ್ಫೂರ್ತಿ ಕೊಡುವ ಉದಾಹರಣೆಗಳಿದ್ದರೆ ತಿಳಿಸಿ. ನಾನು ನನ್ನ ಕೈಲಾದ ಸಹಾಯ ಮಾಡಲು ಸಿದ್ಧನಿದ್ದೇನೆ.

ಉತ್ತರ: ವಕೀಲೆಗೆ ಒಪ್ಪುವ ಉದಾಹರಣೆ ಇದೆ. 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದ ಸಾಂಡ್ರಾ ಡೇ ಓಕಾನರ್, 1960ರ ದಶಕದ ಆರಂಭದಲ್ಲಿ ಸುಮಾರು ಐದು ವರ್ಷ ವಕೀಲಿ ಬಿಟ್ಟು ಮೂವರು ಗಂಡುಮಕ್ಕಳನ್ನು ನೋಡಿಕೊಂಡಿದ್ದರು. 1965ರಲ್ಲಿ ಅರಿಜೋನಾ ರಾಜ್ಯದ ಸಹಾಯಕ ಅಟಾರ್ನಿ ಜನರಲ್ ಆಗಿ ಮರಳಿದರು. ಆ ಐದು ವರ್ಷ ಅವರು ಸಾರ್ವಜನಿಕ ಸಂಸ್ಥೆಗಳ ಕೆಲಸಗಳಲ್ಲಿ ಸಂಬಳವಿಲ್ಲದೆ ತೊಡಗಿಕೊಂಡಿದ್ದರೆಂಬುದು ನಿಮ್ಮ ಪತ್ನಿಗೆ ಉಪಯೋಗವಾಗುವ ವಿವರ. ಉಚಿತ ಕಾನೂನು ನೆರವಿನ ಕೇಂದ್ರವೊಂದರಲ್ಲಿ ವಾರಕ್ಕೆರಡು ದಿನ ಕುಳಿತುಕೊಳ್ಳಲು ಅವರು ಈಗಿನಿಂದಲೇ ಆರಂಭಿಸಬಹುದು. ಆದರೂ ಇಂಥ ಉದಾಹರಣೆಗಳನ್ನು ಕೊಡಲು ನನಗೆ ಸ್ವಲ್ಪ ಹಿಂಜರಿಕೆ. ಧೈರ್ಯವಿಲ್ಲದವರಿಗೆ ಸುಪ್ರೀಂ ಕೋರ್ಟಿನ ಕುರ್ಚಿ ತೋರಿಸಿದರೆ ಕೆಲವೊಮ್ಮೆ ಇದ್ದ ಧೈರ್ಯವೂ ಹೋಗುತ್ತದೆ.

ನಿಮ್ಮ ಪತ್ರದಲ್ಲಿ "ಸಹಾಯ" ಎಂಬ ಪದದ ಬಳಿ ನಾನು ನಿಂತೆ. ಕೇಳಿದಾಗ ಮಾಡುವುದು ಸಹಾಯ. ಕೇಳಬೇಕಾದ ಹೊರೆ ಆಗಲೂ ಪತ್ನಿಯ ತಲೆಯ ಮೇಲೆಯೇ ಉಳಿಯುತ್ತದೆ. ಮನೆಯ ಕೆಲಸಗಳಲ್ಲಿ ನಾಲ್ಕನ್ನು ಆರಿಸಿ ಪೂರ್ತಿಯಾಗಿ ನಿಮ್ಮದಾಗಿಸಿಕೊಳ್ಳಿ, ಅಂದರೆ ಮಾಡುವುದಷ್ಟೇ ಅಲ್ಲ, ನೆನಪಿಡುವುದೂ ನಿಮ್ಮದೇ. ಮಗುವಿನ ಲಸಿಕೆಯ ದಿನಾಂಕ, ಚಿಕ್ಕದಾದ ಸಮವಸ್ತ್ರ, ಶಾಲೆಯ ಸಭೆ, ಬೆಳಗಿನ ಸಿದ್ಧತೆ, ಇಂಥವು. ಮೊದಲ ತಿಂಗಳು ತಪ್ಪುಗಳಾಗುತ್ತವೆ; ಆಗ ಪತ್ನಿ ತಿದ್ದಲು ಬಂದರೆ "ನಾನು ನೋಡಿಕೊಳ್ಳುತ್ತೇನೆ" ಎಂದು ಹೇಳಿ, ನಿಜವಾಗಿಯೂ ನೋಡಿಕೊಳ್ಳಿ. ಪತ್ನಿ ಅರ್ಜಿ ಹಾಕುವ ಮೊದಲೇ ಇದು ಶುರುವಾಗಬೇಕು, ಏಕೆಂದರೆ ಕೆಲಸ ಸಿಕ್ಕ ಮೇಲೆ ಇಬ್ಬರಿಗೂ ಕಲಿಯುವಷ್ಟು ಪುರುಸೊತ್ತು ಇರುವುದಿಲ್ಲ. ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸವೊಂದಿದೆ: ಶಾಲೆಗೆ ಹೋಗಿ, ತುರ್ತು ಸಂದರ್ಭದಲ್ಲಿ ಕರೆಯಬೇಕಾದವರ ಪಟ್ಟಿಯಲ್ಲಿ ಮೊದಲ ಸಂಖ್ಯೆ ನಿಮ್ಮದು, ಎರಡನೆಯದು ನಿಮ್ಮ ಪತ್ನಿಯದು ಎಂದು ಬದಲಾಯಿಸಿ ಬನ್ನಿ.